ಕ್ವಾಮೆನಾನಿಗೆ ಕೇಳಿಸಿದ ಪ್ರಶ್ನೆ

ಕಡಲ ದಂಡೆಯ ನಮ್ಮ ಊರಿನ ಬಕಾನೊ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಕ್ವಾಮೆನಾ ಎಸ್ಸಿಲ್ಫಿಯ ಹಿಟ್ಟಿನ ಗಿರಣಿ. ನಡುವೆ ಒಂದು ಚರಂಡಿ, ಅದರ ಮೇಲೆ ದಾಟಲು ಹಲಗೆ, ಅಷ್ಟೇ. ಬೆಳಿಗ್ಗೆ ಅವನು ಯಂತ್ರ ಹಾಕಿದನೆಂದರೆ ನನ್ನ ಗೋಡೆಯ ಕನ್ನಡಿ ನಡುಗಲು ಶುರುವಾಗುತ್ತದೆ. ಹುಳಿ ಬರಿಸಿದ ಹಿಟ್ಟಿನ ಕಡುಬು, ನಮ್ಮ ದೊಕೊನೊ, ಬೇಯಿಸಿ ಮಾರುವ ಹೆಂಗಸರು ನೆನೆಸಿದ ಮೆಕ್ಕೆಜೋಳವನ್ನು ಬೇಸಿನ್ನುಗಳಲ್ಲಿ ತಲೆಯ ಮೇಲೆ ಹೊತ್ತು ತಂದು, ಅವನ ಬಾಗಿಲಲ್ಲಿ ಸಾಲಾಗಿ ಇಟ್ಟು, ತಮ್ಮ ಸರದಿ ಬರುವವರೆಗೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಊರಿನವರ ಮಾನ ತೆಗೆಯುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ನಡೆದಿದೆ.

ಆದರೆ ಕ್ವಾಮೆನಾ ನನಗೆ ಗೊತ್ತಿದ್ದದ್ದು ಗಿರಣಿಗೂ ಮೊದಲಿನಿಂದ. ಆಗ ಅವನಿಗೆ ಹದಿನೇಳು. ಗುಡ್ಡದ ಮೇಲಿನ ಸೇಂಟ್ ಬಾರ್ನಬಸ್ ಶಾಲೆಯಿಂದ ಟೀವಿಯ ಶಾಲಾ ಕ್ವಿಜ್‌ಗೆ ಹೋಗಿ, ಇಡೀ ದೇಶದ ಶಾಲೆಗಳನ್ನು ಸೋಲಿಸಿ ಬಂದಿದ್ದ. ಜೊತೆಯಲ್ಲಿ ಕೂತವನು ಜೋಜೋ ಬೆಂಟ್ಸಿಲ್. ಕಾಗದದ ಮೇಲೆ ಲೆಕ್ಕ ಬಿಡಿಸುವುದು ಜೋಜೋನ ಕೆಲಸ, ಗಂಟೆ ಒತ್ತುವುದು ಇವನ ಕೆಲಸ. ಕೊನೆಯ ಸುತ್ತಿನಲ್ಲಿ ಒಗಟುಗಳಿರುತ್ತವೆ. ಪ್ರಶ್ನೆ ಕೇಳುವ ಮೇಡಂ ಒಂದೊಂದೇ ಸುಳಿವು ಓದುತ್ತ ಹೋಗುತ್ತಾರೆ, ಮೊದಲು ಗುರುತಿಸಿದವರು ಗೆದ್ದರು. ಅವತ್ತು ಮೇಡಂ "ನಾನೊಂದು ಲೋಹ, ಆದರೆ" ಎನ್ನುವಷ್ಟರಲ್ಲಿ ಕ್ವಾಮೆನಾ ಗಂಟೆ ಒತ್ತಿ "ಪಾದರಸ" ಎಂದ. ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. ಆಮೇಲೆ ಸಭಾಂಗಣದ ಛಾವಣಿ ಹಾರಿಹೋಗುವಂಥ ಗದ್ದಲ.

ನಾನು ಆಗ ಇನ್ನೂ ಹೊಲಿಗೆ ಕಲಿಯುತ್ತಿದ್ದೆ. ಅವರ ಬಸ್ಸು ಪೆಡು ಜಂಕ್ಷನ್ ತಲುಪಿತು ಎಂದು ಯಾರೋ ಕೂಗಿದ್ದೇ ತಡ, ಅರ್ಧ ಹೊಲಿದ ರವಿಕೆಯನ್ನು ಹಾಗೇ ಬಿಟ್ಟು ಓಡಿದೆ. ಮೀನುಗಾರರು, ಮಾರುಕಟ್ಟೆಯ ಹೆಂಗಸರು, ಬೇರೆ ಶಾಲೆಯ ಮಕ್ಕಳು, ಎಲ್ಲರೂ ರಸ್ತೆಯಲ್ಲಿದ್ದರು. ಅವನನ್ನು ಹೆಗಲ ಮೇಲೆ ಹೊತ್ತು ಕೊಟೊಕುರಾಬಾ ಮಾರುಕಟ್ಟೆಯ ಸುತ್ತ ಮೆರೆಸಿದರು. ಅವತ್ತಿನಿಂದ ಊರಲ್ಲಿ ಅವನ ಹೆಸರೇ 'ಬೆಲ್' ಎಂದಾಯಿತು. ತಾಯಂದಿರು ಓದದ ಮಕ್ಕಳಿಗೆ ಬೈಯುವಾಗ ಅವನ ಹೆಸರು ಹೇಳಿ ಬೈಯುತ್ತಿದ್ದರು.

ಮುಂದೆ ಜೋಜೋ ಅಕ್ರಾಕ್ಕೆ ಓದಲು ಹೋದ, ಕ್ವಾಮೆನಾ ಕುಮಾಸಿಗೆ ಇಂಜಿನಿಯರಿಂಗ್ ಓದಲು ಹೋದ. ಎರಡನೆಯ ವರ್ಷದ ನಡುವೆ ಒಂದು ದಿನ ತನ್ನ ಮರದ ಪೆಟ್ಟಿಗೆಯೊಂದಿಗೆ ಬಸ್ಸಿಳಿದ. ಊರಿನವರು ನಾನಾ ಕತೆ ಕಟ್ಟಿದರು. ಹುಡುಗಿಯ ವಿಷಯ ಎಂದರು, ಹೊಟ್ಟೆಕಿಚ್ಚಿಗೆ ಯಾರೋ ಮದ್ದು ಹಾಕಿದ್ದಾರೆ ಎಂದರು. ಎಷ್ಟೋ ವರ್ಷಗಳ ನಂತರ ಅವನೇ ನನ್ನ ಹತ್ತಿರ ಹೇಳಿದ್ದು ಬೇರೆ. ಅಲ್ಲಿ ಸೋಮವಾರ ಕೊಟ್ಟ ಒಂದು ಲೆಕ್ಕವನ್ನು ವಾರವಿಡೀ ತಲೆಯಲ್ಲಿ ಹೊತ್ತುಕೊಂಡು ತಿರುಗಬೇಕಿತ್ತಂತೆ, ಮೂರು ಸಲ ತಪ್ಪಿ ನಾಲ್ಕನೆಯ ಸಲ ಮತ್ತೆ ಮೊದಲಿನಿಂದ ಮಾಡಬೇಕಿತ್ತಂತೆ. ಥಟ್ಟನೆ ಹೊಳೆಯದಿದ್ದರೆ ಅವನು ಪುಸ್ತಕ ಮುಚ್ಚಿ ಎದ್ದುಬಿಡುತ್ತಿದ್ದ. ಹುಡುಗರು ಅವನನ್ನು ಬೆರಳು ಮಾಡಿ ತೋರಿಸಿ ಇವನೇ ಕ್ವಿಜ್ ಗೆದ್ದವನು ಎನ್ನುತ್ತಿದ್ದರು. ಹಾಗೆ ತೋರಿಸಿಕೊಂಡವನು ಕೊನೆಯ ಬೆಂಚಿನಲ್ಲಿ ಕೂತು ಏನೂ ಅರ್ಥವಾಗದೆ ಬೆವರುತ್ತಿದ್ದ.

ಗಿರಣಿ ಅವನ ತಾಯಿಯ ಅಣ್ಣನದು. ಮಾವನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಒಂದು ವಾರ ಯಂತ್ರ ನೋಡಿಕೋ ಎಂದು ಕೂರಿಸಿದರು. ಆ ವಾರ ಮುಗಿಯಲೇ ಇಲ್ಲ. ಮಾವ ತೀರಿಕೊಂಡರು. ದೊಕೊನೊ ಮಾರುವವರ ಮಗಳು ಎಕುವಾ ದಿನಾ ಬೇಸಿನ್ ಹೊತ್ತು ಬರುತ್ತಿದ್ದಳು, ಅವಳನ್ನೇ ಮದುವೆಯಾದ. ಗಟ್ಟಿ ಗಂಟಲಿನ, ಗಟ್ಟಿ ಮನಸ್ಸಿನ ಹೆಂಗಸು. ಮಕ್ಕಳಾಗಲಿಲ್ಲ. ಆ ವಿಷಯ ಅವರಿಬ್ಬರೂ ಎತ್ತುತ್ತಿರಲಿಲ್ಲ, ಹಾಗಾಗಿ ನಾವೂ ಎತ್ತಲಿಲ್ಲ.

ಆದರೂ ಅವನಿಗೆ ಓಣಿಯಲ್ಲಿ ಒಂದು ಸ್ಥಾನವಿತ್ತು. ಶಾಲೆ ಬಿಟ್ಟ ಮಕ್ಕಳು ಮನೆಗೆ ಹೋಗುವ ದಾರಿಯಲ್ಲಿ ಗಿರಣಿಯ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದರು. ಅವನು ಜೋಳ ಸುರಿಯುತ್ತಲೇ ಉತ್ತರ ಕೂಗುತ್ತಿದ್ದ. ಮುಖದ ತುಂಬ ಹಿಟ್ಟಿನ ನೀರು ಸಿಡಿದಿರುತ್ತಿತ್ತು, ಆದರೆ ಆ ಗಳಿಗೆಯಲ್ಲಿ ನೋಡಿದರೆ ಅವನು ಹೆಗಲ ಮೇಲೆ ಕೂತ ಆ ಹುಡುಗನೇ.

ಕಿವಿ ಯಾವಾಗ ಹೋಗಲು ಶುರುವಾಯಿತು ಎಂದು ಹೇಳುವುದು ಕಷ್ಟ. ಮೊದಲು ಹೆಂಗಸರು ಅವನಿಗೆ ಗರ್ವ ಬಂದಿದೆ ಎಂದುಕೊಂಡರು, ಮಾತಾಡಿಸಿದರೆ ತಿರುಗಿ ನೋಡುವುದಿಲ್ಲ ಎಂದು. ಆಮೇಲೆ ತರಿ ಎಂದವರಿಗೆ ನುಣ್ಣಗೆ ಬೀಸಿಕೊಟ್ಟ, ಅವರು ಜಗಳ ತೆಗೆದರು. ಒಂದು ಭಾನುವಾರ ಮಧ್ಯಾಹ್ನ ತಗಡಿನ ಛಾವಣಿಯ ಮೇಲೆ ಮಳೆ ಧೋ ಎಂದು ಸುರಿಯುತ್ತಿದ್ದಾಗ, ಅಂಗಳದಲ್ಲಿ ಒಣಹಾಕಿದ್ದ ಜೋಳ ತೊಯ್ಯುತ್ತಿದ್ದರೂ ಅವನು ಕಿಟಕಿಗೆ ಬೆನ್ನು ಹಾಕಿ ಪೇಪರ್ ಓದುತ್ತ ಕೂತಿದ್ದನಂತೆ. ಎಕುವಾಗೆ ಅವತ್ತು ಖಾತ್ರಿಯಾಯಿತು. ನನ್ನ ಹತ್ತಿರ ಬಂದು ಹೇಳಿ, ಯಾರಿಗೂ ಬಾಯಿಬಿಡಬೇಡ ಎಂದಳು. ಅವನನ್ನು ಕೇಳಿದರೆ, ಅದು ಯಂತ್ರದ ಸದ್ದು ಕಿವಿಯಲ್ಲಿ ಉಳಿದಿರುವುದು, ಯಂತ್ರ ನಿಂತರೆ ಸರಿಹೋಗುತ್ತದೆ ಎನ್ನುತ್ತಿದ್ದ. ಅಷ್ಟರಲ್ಲಾಗಲೇ ಅವನು ಜನರ ತುಟಿ ನೋಡುವುದನ್ನು ಕಲಿತುಬಿಟ್ಟಿದ್ದ.

ಹೀಗಿರುವಾಗ ಒಂದು ಶನಿವಾರ ಜೋಜೋ ಬೆಂಟ್ಸಿಲ್ ದೊಡ್ಡ ಕಾರಿನಲ್ಲಿ ಬಂದ. ಅಕ್ರಾದಲ್ಲಿ ವಿಮೆ ಕಂಪನಿಯಲ್ಲಿ ದೊಡ್ಡ ಹುದ್ದೆ ಅವನಿಗೆ. ಆದರೂ ಕಾರು ನಿಲ್ಲಿಸಿ, ಪಾಲಿಶ್ ಮಾಡಿದ ಬೂಟಿನಲ್ಲೇ ಚರಂಡಿ ದಾಟಿ, ಹಿಟ್ಟು ಮೆತ್ತಿದ ಕ್ವಾಮೆನಾನನ್ನು ತಬ್ಬಿಕೊಂಡ. ಕರೆಂಟು ಹೋಗಿ ಯಂತ್ರ ನಿಂತಿತ್ತು. ಜೋಜೋ ಅವನ ಭುಜ ಹಿಡಿದು ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದರಿಂದ ಎಲ್ಲವೂ ಅವನಿಗೆ ತಿಳಿಯಿತು.

"ಏನೋ ಬೆಲ್, ಹೊಟ್ಟೆ ಬಂದಿದ್ಯಲ್ಲೋ. ಗಂಟೆ ಕೈಗೆ ಎಟಕುತ್ತಾ ಇನ್ನೂ?"

"ನಿನ್ನ ತಲೇಲಿ ಕೂದಲೇ ಇಲ್ಲ, ನನ್ನ ಹೊಟ್ಟೆ ಮಾತಾಡ್ತೀಯ" ಎಂದ ಕ್ವಾಮೆನಾ.

ಕ್ವಿಜ್ ಶುರುವಾಗಿ ಇಷ್ಟು ವರ್ಷವಾಯಿತೆಂದು ಟೀವಿಯವರು ಹಳೆಯ ಚಾಂಪಿಯನ್ನರನ್ನೆಲ್ಲ ಮತ್ತೆ ಸೇರಿಸುತ್ತಿದ್ದರು. ಅದೇ ಶಾಲೆ, ಅದೇ ಜೋಡಿ, ಅದೇ ಗಂಟೆ. ಗೆದ್ದ ಶಾಲೆಗೆ ಹೊಸ ಪ್ರಯೋಗಶಾಲೆ. ಜೋಜೋ ಇನ್ನೂ ವಿವರಿಸುತ್ತಿರುವಾಗಲೇ ಕ್ವಾಮೆನಾ ಬರುತ್ತೇನೆ ಎಂದುಬಿಟ್ಟ. ಬಾಗಿಲಲ್ಲಿ ನಿಂತಿದ್ದ ಎಕುವಾ ನನ್ನ ಮುಖ ನೋಡಿದಳು.

ಜೋಜೋ ಹೋದ ಮೇಲೆ ಗಂಡ ಹೆಂಡತಿ ನನ್ನ ಅಂಗಡಿಯಲ್ಲೇ ಮಾತಾಡಿದರು. ಮೆಷಿನ್ನಿನ ಮುಂದೆ ಕೂತ ನಾನು ಕೈ ನಿಲ್ಲಿಸಿದೆ. ಎಕುವಾ ಅವನ ಎದುರಿಗೆ ನಿಂತು ನಿಧಾನವಾಗಿ ಹೇಳಿದಳು.

"ಜೋಜೋಗೆ ಒಂದು ಮಾತು ಹೇಳಿಬಿಡು. ನಿನ್ನ ಸ್ನೇಹಿತ ತಾನೆ, ನಗಲ್ಲ ಅವನು."

"ಹೇಳಿದ್ರೆ ಅಲಾನನ್ನ ಕರೀತಾನೆ. ಆಗ ಅವನೇ ತಾನೆ ನಮಗೆ ಮೂರನೆಯವನು, ಮೀಸಲಿಗೆ ಇದ್ದವನು. ಈಗ ಡಾಕ್ಟರು."

"ಕರೀಲಿ ಬಿಡು. ಪ್ರಯೋಗಶಾಲೆ ಬಂದ್ರೆ ಸಾಕಲ್ವಾ."

ಅವನು ಗಿರಣಿಯ ಕಡೆ ಮುಖ ತಿರುಗಿಸಿದ. ಕೇಳಿಸಲಿಲ್ಲವೇನೋ ಎಂದು ಅವಳು ಮತ್ತೆ ಹೇಳಲು ಬಾಯಿ ತೆರೆದಳು. ಆಗ ಅವನು, "ಗಿರಣಿ ಮಾವಂದು, ಮನೆ ಮಾವಂದು, ನಾನು ಕೂರೋ ಸ್ಟೂಲೂ ಮಾವಂದೇ. ಆ ಗಂಟೆ ಒಂದೇ ಎಕುವಾ ನಂದು ಅಂತ ಇರೋದು" ಎಂದ.

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಬದಲಿಗೆ ತಾನೇ ಅಭ್ಯಾಸ ಮಾಡಿಸಲು ನಿಂತಳು. ಜೋಜೋ ಹಳೆಯ ಪ್ರಶ್ನೆಗಳ ಪುಸ್ತಕಗಳನ್ನು ಕಳಿಸಿದ್ದ. ಆರನೇ ತರಗತಿಗೆ ಶಾಲೆ ಬಿಟ್ಟ ಎಕುವಾ ಸಂಜೆ ಗಿರಣಿ ತೊಳೆದ ಮೇಲೆ ನನ್ನ ಅಂಗಡಿಯ ಕಡೆಯಿಂದ ಪ್ರಶ್ನೆ ಓದುವಳು, ಅವನು ಅವಳ ತುಟಿ ನೋಡುತ್ತ ಗಿರಣಿಯ ಬಾಗಿಲಲ್ಲಿ ಕೂರುವನು. ದೂರದಿಂದಲೂ ತುಟಿ ಹಿಡಿಯಲಿ ಎಂದು ದಿನದಿನಕ್ಕೆ ಅವಳು ಹಿಂದೆ ಸರಿಯುವಳು. ದೊಡ್ಡ ದೊಡ್ಡ ಪದ ಬಂದಾಗ ಅವಳ ನಾಲಿಗೆ ತಡವರಿಸುತ್ತಿತ್ತು. ಅವಳು ಕೈಯಿಂದ ತುಟಿಯನ್ನೇ ಹಿಡಿದು ಸರಿಮಾಡುವವಳ ಹಾಗೆ ಮಾಡಿದರೆ ಅವನು ಬಿದ್ದು ಬಿದ್ದು ನಗುವನು. ದೊಕೊನೊ ಹೆಂಗಸರು ಗಂಡ ಹೆಂಡತಿಗೆ ಈ ವಯಸ್ಸಿನಲ್ಲಿ ಏನು ಸರಸ ಎಂದು ಚುಡಾಯಿಸಿದರು. ಅವರಿಬ್ಬರೂ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಅಭ್ಯಾಸ ಚೆನ್ನಾಗಿಯೇ ನಡೆದಿತ್ತು. ಚರಂಡಿಯ ಆಚೆಯಿಂದ ಓದಿದರೂ ಅವನು ಹೆಚ್ಚಿನ ಪ್ರಶ್ನೆಗಳನ್ನು ಹಿಡಿಯುತ್ತಿದ್ದ. ಎಷ್ಟೋ ಉತ್ತರ ಬರುತ್ತಿದ್ದವು. ಬಾರದಿದ್ದಾಗ ನಿನ್ನ ತುಟಿ ಸರಿಯಾಗಿ ಆಡಲಿಲ್ಲ ಎನ್ನುತ್ತಿದ್ದ, ಅವಳು ಒಪ್ಪಿಕೊಳ್ಳುತ್ತಿದ್ದಳು. ನಾನು ಅವನಿಗೆ ಶಾಲೆಯ ಹಸಿರು ಬಿಳಿ ಬಣ್ಣದ ಬಟ್ಟೆಯಲ್ಲಿ ಅಂಗಿ ಹೊಲಿದೆ. ಹೊಟ್ಟೆಯ ಹತ್ತಿರ ಎರಡು ಸಲ ಬಿಚ್ಚಿ ಸಡಿಲ ಮಾಡಬೇಕಾಯಿತು.

ಅಕ್ರಾಕ್ಕೆ ಬಾರ್ನಬಸ್‌ನ ಹಳೆಯ ವಿದ್ಯಾರ್ಥಿಗಳು ಬಸ್ಸು ಮಾಡಿಕೊಂಡು ಹೊರಟಿದ್ದರು. ಎಕುವಾ ಮತ್ತು ನಾನು ಅದರಲ್ಲೇ ಹೋದೆವು. ಕ್ವಾಮೆನಾನನ್ನು ಟೀವಿಯವರು ಹಿಂದಿನ ದಿನವೇ ಕರೆಸಿಕೊಂಡಿದ್ದರು. ದಾರಿಯುದ್ದಕ್ಕೂ ಡೋಲು, ಶಾಲೆಯ ಹಾಡು. ತಲೆ ನರೆತ ವಕೀಲರು, ಬ್ಯಾಂಕಿನವರು ಸೀಟಿನ ಮೇಲೆ ನಿಂತು ಕುಣಿದರು. ಎಲ್ಲರ ಬಾಯಲ್ಲೂ ಬೆಲ್‌ನ ಹೆಸರೇ. ಪಾದರಸದ ಕತೆಯನ್ನು ಒಬ್ಬೊಬ್ಬರೂ ಒಂದೊಂದು ರೀತಿ ಹೇಳಿದರು. ಒಬ್ಬರ ಕತೆಯಲ್ಲಿ ಮೇಡಂ ಬಾಯಿ ತೆರೆಯುವ ಮೊದಲೇ ಅವನು ಗಂಟೆ ಒತ್ತಿದ್ದ. ಎಕುವಾ ಮಡಿಲಲ್ಲಿ ದೊಕೊನೊ ಮತ್ತು ಹುರಿದ ಮೀನಿನ ಪೊಟ್ಟಣ ಇಟ್ಟುಕೊಂಡು, ತುಟಿ ಬಿಗಿದು ಕಿಟಕಿಯಾಚೆ ನೋಡುತ್ತಿದ್ದಳು.

ಸಭಾಂಗಣಕ್ಕೆ ಕಾಲಿಟ್ಟ ಕೂಡಲೇ ನಾನು ಎಕುವಾಳ ಕೈ ಹಿಡಿದುಕೊಂಡೆ. ಮೂರು ಶಾಲೆಯವರು ಮೂರು ಕಡೆ ತುಂಬಿದ್ದರು. ಡೋಲು, ತುತ್ತೂರಿ, ಚಪ್ಪಾಳೆ. ಪಕ್ಕದಲ್ಲಿದ್ದ ಎಕುವಾ ಹೇಳಿದ್ದು ನನಗೇ ಕೇಳುತ್ತಿರಲಿಲ್ಲ. ಪ್ರಶ್ನೆ ಕೇಳಲು ಹೊಸ ಮೇಡಂ ಬಂದಿದ್ದರು, ಎಳೆ ವಯಸ್ಸಿನವರು. ಎತ್ತರದ ಪೀಠದ ಹಿಂದೆ ನಿಂತು, ತಲೆ ತಗ್ಗಿಸಿ ಕಾಗದ ನೋಡಿ ಓದುತ್ತಿದ್ದರು. ಮೈಕು ಬಾಯಿಗೆ ಅಡ್ಡ. ಕ್ವಾಮೆನಾನ ಮೇಜಿನಿಂದ ಅವರ ತುಟಿಯ ಒಂದು ಅಂಚು ಕಂಡಿದ್ದರೆ ಹೆಚ್ಚು.

ಮೊದಲ ಸುತ್ತಿನಲ್ಲಿ ಒಂದೊಂದು ಶಾಲೆಗೂ ಸರದಿಯ ಪ್ರಶ್ನೆ. ಲೆಕ್ಕಗಳನ್ನೆಲ್ಲ ಜೋಜೋ ಬಿಡಿಸಿದ. ಒಂದೆರಡು ಉತ್ತರ ಕ್ವಾಮೆನಾನೇ ಹೇಳಿದ, ಅದೂ ಜೋಜೋ ಪ್ರಶ್ನೆಯನ್ನು ಗೊಣಗಿಕೊಂಡಾಗ ಅವನ ಬಾಯಿ ನೋಡಿ. ನಮ್ಮ ಕಡೆಯವರು ಎದ್ದು ಕುಣಿದರು. ಎರಡನೆಯ ಸುತ್ತು ಓಟದ್ದು. ಯಾರು ಮೊದಲು ಗಂಟೆ ಒತ್ತಿದರೆ ಅವರಿಗೆ ಅವಕಾಶ. ಆಚೆ ಶಾಲೆಗಳು ಒಂದರ ಹಿಂದೊಂದು ಒತ್ತಿದವು. ಇವನ ಕೈ ಗಂಟೆಯ ಮೇಲೆ ಹಾಗೇ ಇತ್ತು. ನಮ್ಮ ಸಾಲಿನಿಂದ ಕೂಗು ಎದ್ದಿತು, "ಬೆಲ್! ಬೆಲ್! ಬೆಲ್!" ಆ ಕೂಗು ಅವನಿಗೆ ಕೇಳಿಸಿತೋ, ಜನರ ಬಾಯಿ ನೋಡಿ ಗೊತ್ತಾಯಿತೋ, ಅವನು ನಮ್ಮತ್ತ ತಿರುಗಿ ನೋಡಿದ. ಮತ್ತೆ ಮೇಡಂ ಕಡೆ ತಿರುಗಿದ.

ಮೇಡಂ ಓದಿದ್ದು ಇಷ್ಟು: "ಮನುಷ್ಯನ ಕುತ್ತಿಗೆಯಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ ಯಾವುದು?"

ಕ್ವಾಮೆನಾ ಗಂಟೆ ಒತ್ತಿದ. ನಮ್ಮವರ ಡೋಲು ನಿಂತಿತು.

"ಏಳು" ಎಂದ.

ಮೇಡಂ ತಲೆ ಎತ್ತಿದರು. ತಮಗೇ ಸರಿಯಾಗಿ ಕೇಳಲಿಲ್ಲವೇನೋ ಎಂಬಂತೆ, ಬಹಳ ಸೌಜನ್ಯದಿಂದ, ಏಳು ಏನು ಎಂದು ಕೇಳಿದರು. ಅವನು ಇನ್ನೂ ಜೋರಾಗಿ, ಗಿರಣಿಯಲ್ಲಿ ಕೂಗುವ ದನಿಯಲ್ಲಿ, "ಏಳು" ಎಂದ. ಕುತ್ತಿಗೆ ಎಂಬುದೊಂದು ಅವನಿಗೆ ತುಟಿಯಲ್ಲಿ ಕಂಡಿತ್ತು. ಕುತ್ತಿಗೆಯಲ್ಲಿ ಎಷ್ಟು ಎಲುಬು ಎಂದು ಕೇಳುತ್ತಿದ್ದಾರೆ ಎಂದುಕೊಂಡಿದ್ದ. ಜನ ನಕ್ಕರು. ಮೊದಲು ಆಚೆ ಕಡೆಯವರು, ಆಮೇಲೆ ನಮ್ಮವರೂ. ಬಸ್ಸಿನಲ್ಲಿ ಕುಣಿದಿದ್ದ ವಕೀಲರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಜೋಜೋ ಮಾತ್ರ ಇವನನ್ನೇ ದಿಟ್ಟಿಸುತ್ತಿದ್ದ. ಇವನು ಎಲ್ಲರ ಮುಖ ನೋಡಿದ. ಉತ್ತರ ಸರಿಯಾಯಿತೆಂದು ಜನ ಖುಷಿಪಡುತ್ತಿದ್ದಾರೆ ಎಂದುಕೊಂಡು ಒಂದು ಗಳಿಗೆ ತಾನೂ ನಕ್ಕ. ಅದನ್ನು ನೋಡಲಾರದೆ ಎಕುವಾ ಮುಖ ಮುಚ್ಚಿಕೊಂಡಳು.

ಕೊನೆಯ ಒಗಟಿನ ಸುತ್ತಿಗೆ ಬರುವಷ್ಟರಲ್ಲಿ ನಮ್ಮ ಶಾಲೆ ಮೂರನೆಯ ಸ್ಥಾನದಲ್ಲಿತ್ತು. ಎರಡು ಒಗಟು ಬೇರೆಯವರ ಪಾಲಾದವು. ಮೂರನೆಯದರ ಹೊತ್ತಿಗೆ ಮೈಕು ಕೆಟ್ಟಿತು. ಹುಡುಗರು ವೈರು ಹಿಡಿದು ಓಡಾಡಿದರು. ಕಡೆಗೆ ಸದ್ದು ಮಾಡಬೇಡಿ ಎಂದು ಎಲ್ಲರನ್ನೂ ಕೇಳಿಕೊಂಡು, ಮೇಡಂ ಪೀಠದಿಂದ ಕೆಳಗಿಳಿದು, ಮೂರು ಮೇಜುಗಳ ನಡುವೆ ನಿಂತು ಬಾಯಲ್ಲೇ ಗಟ್ಟಿಯಾಗಿ ಓದಿದರು. ನಿಂತದ್ದು ಕ್ವಾಮೆನಾನಿಗೆ ಕೈಚಾಚುವಷ್ಟು ಹತ್ತಿರ.

"ಬಸ್ಸು ಗಕ್ಕನೆ ನಿಂತಾಗ ಜನ ನನ್ನನ್ನು ಬೈಯುತ್ತಾರೆ. ನಾನು ಅವರನ್ನು ಮುಂದಕ್ಕೆ ನೂಕಿದೆ ಎನ್ನುತ್ತಾರೆ, ಆದರೆ ನಾನು ಯಾರನ್ನೂ ನೂಕುವುದಿಲ್ಲ. ನಿಂತದ್ದು ನಿಂತೇ ಇರಲಿ, ಓಡುವುದು ಓಡುತ್ತಲೇ ಇರಲಿ ಎಂಬುದಷ್ಟೇ ನನ್ನ ಹಟ."

ಕ್ವಾಮೆನಾ ಮೇಡಂ ಮುಖವನ್ನೇ ನೋಡುತ್ತಿದ್ದ. ಕೈ ಗಂಟೆಯ ಪಕ್ಕದಲ್ಲಿತ್ತು. ಎಕುವಾ ನನ್ನ ತೋಳು ಹಿಡಿದು, ಅಯ್ಯೋ ಅವನಿಗೆ ಕೇಳಿಸ್ತಾ ಇಲ್ಲ ಎಂದು ಪಿಸುಗುಟ್ಟಿದಳು. ಪಕ್ಕದ ಮೇಜಿನ ಹೆಂಗಸು ಗಂಟೆ ಒತ್ತಿ "ಜಡತ್ವ" ಎಂದಳು. ಅಲ್ಲಿಗೆ ಮುಗಿಯಿತು.

ವಾಪಸು ಬಸ್ಸಿನಲ್ಲಿ ಡೋಲು ಬಡಿಯಲಿಲ್ಲ. ಕ್ವಾಮೆನಾ ಕೊನೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಮುಂದಿನ ಸೀಟಿನವರು ಅವನ ಬಗ್ಗೆ ಮಾತಾಡಿದರು. ಬೆಳಿಗ್ಗೆಯೇ ಕುಡಿದು ಬಂದಿದ್ದನೇನೋ ಎಂದು ಒಬ್ಬ, ಗಿರಣಿಯಲ್ಲಿ ತಲೆಯನ್ನೂ ಬೀಸಿ ಹಿಟ್ಟು ಮಾಡಿಕೊಂಡಿದ್ದಾನೆ ಎಂದು ಇನ್ನೊಬ್ಬ.

ಮಾರನೆಯ ದಿನದಿಂದ 'ಏಳು' ಊರಿನ ಮಾತಾಯಿತು. ಆ ತುಣುಕು ಎಲ್ಲರ ಫೋನಿನಲ್ಲೂ ಇತ್ತು. ಟೈಮೆಷ್ಟು ಎಂದರೆ ಏಳು, ಮೀನು ಹೇಗೆ ಕೊಟ್ಟೆ ಎಂದರೆ ಏಳು, ನಿನ್ನ ಗಂಡ ಎಲ್ಲಿ ಎಂದರೂ ಏಳು. ಶಾಲೆಯ ಮಕ್ಕಳು ಗಿರಣಿಯ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವುದು ನಿಂತುಹೋಯಿತು. ಕ್ವಾಮೆನಾನಿಗೆ ನಗು ಕಾಣಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಎರಡು ದಿನ ಎಕುವಾ ಸಹಿಸಿಕೊಂಡಳು. ಮೂರನೆಯ ದಿನ ದೊಕೊನೊ ಮಾರುವ ಆಂಟಿ ಅಡ್ಜೋವಾ ಜೋಳದ ಬೇಸಿನ್ ಇಳಿಸುತ್ತ, ಎಷ್ಟು ಹೊತ್ತಾಗುತ್ತೆ ಬೆಲ್ ಎಂದು ಕೇಳಿ, ತಾನೇ "ಏಳು" ಎಂದು ಸೇರಿಸಿ ಉಳಿದವರತ್ತ ಕಣ್ಣು ಮಿಟುಕಿಸಿದಳು. ಎಕುವಾ ಯಂತ್ರ ನಿಲ್ಲಿಸಿದಳು. ಆ ಬೇಸಿನ್ನನ್ನು ಎತ್ತಿ ಚರಂಡಿಗೆ ಸುರಿದಳು.

"ಅವನಿಗೆ ಕಿವಿ ಕೇಳಲ್ಲ" ಎಂದಳು. ಕೂಗಲಿಲ್ಲ. "ನಿಮ್ಮ ಜೋಳ ಬೀಸಿ ಬೀಸಿ ಕಿವಿ ಹೋಗಿದೆ. ನಗ್ರಿ ಈಗ."

ಕ್ವಾಮೆನಾ ಅವಳ ತುಟಿ ನೋಡಿದ್ದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸುದ್ದಿ ಜೋಜೋಗೆ ಮುಟ್ಟಲು ತಡವಾಗಲಿಲ್ಲ. ಅವನು ಓಡಿ ಬಂದ, ಗಿರಣಿಯಲ್ಲೇ ನಿಂತು ಮಕ್ಕಳ ಹಾಗೆ ಅತ್ತ. ನನಗೊಂದು ಮಾತು ಹೇಳಬಾರದಿತ್ತೇನೋ, ನಾನು ನಿನ್ನ ಕಿವಿಯಾಗುತ್ತಿದ್ದೆನಲ್ಲೋ ಎಂದ. ಟೀವಿಯವರು ಬಂದು ಗಿರಣಿಯನ್ನೂ ಬೇಸಿನ್ನುಗಳನ್ನೂ ಚಿತ್ರೀಕರಿಸಿಕೊಂಡು ಹೋಗಿ ಒಂದು ಕಾರ್ಯಕ್ರಮ ಮಾಡಿದರು. ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಕಿವಿಯ ನರ ಸಾಯುತ್ತಿದೆ, ಉಳಿದಷ್ಟನ್ನು ಉಳಿಸಿಕೊಳ್ಳಬೇಕೆಂದರೆ ಗಿರಣಿ ಬಿಡಬೇಕು ಎಂದು ಡಾಕ್ಟರು ಹೇಳಿದರು. ಹಳೆಯ ವಿದ್ಯಾರ್ಥಿಗಳು ಸೇರಿ ಕಿವಿಗೆ ಹಾಕುವ ಯಂತ್ರ ತರಿಸಿಕೊಟ್ಟರು. ಅದೇ ಓಣಿಯ ಜನ ಈಗ ರಾಗ ಬದಲಿಸಿದರು. ಕಿವಿಯೊಂದು ನೆಟ್ಟಗಿದ್ದಿದ್ದರೆ ಬೆಲ್ ಅವರನ್ನೆಲ್ಲ ಮಣ್ಣು ಮುಕ್ಕಿಸುತ್ತಿದ್ದ ಎಂದರು. ಆಂಟಿ ಅಡ್ಜೋವಾ ಬಿಸಿ ದೊಕೊನೊ, ಖಾರ, ಹುರಿದ ಮೀನು ತಂದು ಎಕುವಾಳ ಮುಂದೆ ಇಟ್ಟು, ತಪ್ಪಾಯಿತು ಮಗಳೇ ಎಂದಳು. ಎಲ್ಲಕ್ಕಿಂತ ಹೆಚ್ಚಾಗಿ, ಬಾರ್ನಬಸ್ ಶಾಲೆಯವರು ತಮ್ಮ ಕ್ವಿಜ್ ಹುಡುಗರನ್ನು ತಯಾರು ಮಾಡುವ ಕೆಲಸಕ್ಕೆ ಅವನನ್ನು ಕರೆದರು. ಎಕುವಾ ಚರ್ಚಿಗೆ ಹೋಗಿ ಮೊಣಕಾಲೂರಿದಳು. ಗಿರಣಿಯಿಂದ ಬಿಡುಗಡೆ ಸಿಕ್ಕಿತು ಎಂದು ನನಗೂ ಅನ್ನಿಸಿತು.

ಕೆಲಸಕ್ಕೆ ಸೇರುವ ಮೊದಲು ಪ್ಯಾಂಟು ಸರಿಮಾಡಿಸಿಕೊಳ್ಳಲು ಅವನು ನನ್ನ ಅಂಗಡಿಗೆ ಬಂದ. ಕಿವಿಯಲ್ಲಿ ಆ ಯಂತ್ರವಿತ್ತು. ಎಕುವಾ ಮಾರುಕಟ್ಟೆಗೆ ಹೋಗಿದ್ದಳು. ನಾನು ಅಳತೆ ತೆಗೆದುಕೊಳ್ಳುತ್ತ, ಇನ್ನು ಮೇಲೆ ನಿನಗೆ ಒಳ್ಳೆಯ ದಿನ ಬಂತು ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಅರಬಾಕ್ಕ, ಆ ಬಸ್ಸಿಂದು ನನಗೆ ಕೇಳಿಸ್ತು."

ಯಾವ ಬಸ್ಸು ಎಂದು ನನಗೆ ತಕ್ಷಣ ಹೊಳೆಯಲಿಲ್ಲ.

"ಕೊನೇ ಒಗಟು. ಆಯಮ್ಮ ನನ್ನ ಪಕ್ಕದಲ್ಲೇ ನಿಂತು ಓದಿದ್ರಲ್ಲ. ಪೂರ್ತಿ ಕೇಳಿಸ್ತು, ಒಂದಕ್ಷರ ಬಿಡದ ಹಾಗೆ. ಜನ ಬೇರೆ ಸುಮ್ನಿದ್ರು."

"ಮತ್ತೆ?"

"ಬರಲಿಲ್ಲ. ಬಸ್ಸು ಕಾಣಿಸ್ತು, ಮುಂದಕ್ಕೆ ಬಿದ್ದವರು ಕಾಣಿಸಿದ್ರು. ಹೆಸರು ಬರಲಿಲ್ಲ. ಪುಟ್ಟ ಮಕ್ಕಳಿಗೂ ಗೊತ್ತು ಅದು. ಒಳಗೆ ಹುಡುಕ್ತಾ ಇದ್ದೀನಿ, ಏನೂ ಇಲ್ಲ ಅಕ್ಕ."

ವಯಸ್ಸಾಗುತ್ತ ಎಲ್ಲರಿಗೂ ಮರೆವು ಬರುತ್ತದೆ, ಹೆದರಿಕೆಯಲ್ಲಿ ಹಾಗಾಗಿರಬೇಕು ಎಂದೆ. ಅವನು ಅಲ್ಲವೆಂದು ತಲೆಯಾಡಿಸಿದ. ಎಕುವಾ ಅಭ್ಯಾಸ ಮಾಡಿಸುವಾಗಲೂ ಹಾಗೇ ಆಗುತ್ತಿತ್ತಂತೆ. ತುಟಿ ಕಾಣಲಿಲ್ಲ ಎಂದು ಅವಳ ಮೇಲೆ ಹಾಕುತ್ತಿದ್ದನಂತೆ. ಊರಿನವರು ಕಿವಿ ಕಿವಿ ಎಂದು ಮರುಗುವಾಗ ಅವನಿಗೆ ಮೈಮೇಲೆ ಇರುವೆ ಹರಿದ ಹಾಗಾಗುತ್ತಿತ್ತು.

"ಕೇಳಿಸಲಿಲ್ಲ ಅಂತ ಅವಳು ನಂಬಿದ್ದಾಳೆ. ನಂಬಿಕೊಂಡಿರಲಿ" ಎಂದ. ಪ್ಯಾಂಟು ಸಂಜೆ ಸಿಗುತ್ತದಲ್ಲವೇ ಎಂದು ಕೇಳಿ ಹೊರಟುಹೋದ.

ಶಾಲೆಗೆ ಒಂದು ತಿಂಗಳು ಹೋದನೋ ಇಲ್ಲವೋ. ಅಲ್ಲಿ ಹುಡುಗರು ಅವನಿಗೆ ಕೊಟ್ಟ ಮರ್ಯಾದೆಯೇ ಅವನನ್ನು ಕೊಂದಿತು. ಬಂದ ಕೂಡಲೇ ಎದ್ದು ನಿಲ್ಲುವರು, ಅವನಿಗೆ ಕೇಳಿಸದಿದ್ದರೆ ಬೇಸರಿಸದೆ ಬೋರ್ಡಿನ ಮೇಲೆ ಬರೆದು ತೋರಿಸುವರು. ಬರೆದದ್ದನ್ನು ಓದಿ ಅವನು ಸೀಮೆಸುಣ್ಣ ಹಿಡಿದು ನಿಲ್ಲುವನು. ಪುಸ್ತಕಗಳೇ ಬದಲಾಗಿದ್ದವು, ಇವನಿಗೆ ಗೊತ್ತಿದ್ದದ್ದೂ ಕೈಗೆ ಸಿಗುತ್ತಿರಲಿಲ್ಲ. ಹುಡುಗರು ಕಾಯುವರು, ಆಮೇಲೆ ತಾವೇ ಮೆಲ್ಲಗೆ ಉತ್ತರ ಬರೆದು, ಇದೇ ಅಲ್ಲವೇ ಸರ್ ಎನ್ನುವರು. ಇವನು ಹೌದು ಎನ್ನುವನು. ಒಂದು ದಿನ ಹೆಡ್‌ಮಾಸ್ಟರರ ಬಳಿ ಹೋಗಿ, ಸೀಮೆಸುಣ್ಣದ ಪುಡಿ ನನಗೆ ಆಗಿಬರುವುದಿಲ್ಲ ಎಂದು ಹೇಳಿ ಬಂದುಬಿಟ್ಟ. ಇಪ್ಪತ್ತು ವರ್ಷ ಹಿಟ್ಟಿನ ಧೂಳು ಕುಡಿದವನು ಹೇಳಿದ ಮಾತು ಅದು. ಅವರು ಒತ್ತಾಯ ಮಾಡಲಿಲ್ಲ. ಎಕುವಾಳ ಹತ್ತಿರ ಕಿವಿಗೆ ಹಾಕುವ ಯಂತ್ರದಿಂದ ನೋವಾಗುತ್ತದೆ ಎಂದ. ಅವಳು ಜೋಜೋಗೆ ಫೋನ್ ಮಾಡಿ ಬೇರೆ ಯಂತ್ರ ತರಿಸಿದಳು. ಅದನ್ನೂ ಹಾಕಿಕೊಳ್ಳದೆ ಅವನು ಮತ್ತೆ ಗಿರಣಿಯಲ್ಲೇ ಹೋಗಿ ಕೂತ.

ಜೋಜೋ ಮತ್ತೆರಡು ಸಲ ಬಂದ. ಮೊದಲ ಸಲ ಕ್ವಾಮೆನಾ ಗಿರಣಿ ಬಿಟ್ಟು ಈಚೆ ಬಂದು ಕೂತ, ಇಬ್ಬರೂ ತಂಪು ಬಿಯರ್ ಕುಡಿದರು. ಎರಡನೆಯ ಸಲ ಜೋಳ ಸುರಿಯುವುದನ್ನು ನಿಲ್ಲಿಸಲಿಲ್ಲ, ಕೈ ಎತ್ತಿ ಬೀಸಿದ ಅಷ್ಟೆ. ಜೋಜೋ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಹೆಂಗಸರ ನಡುವೆ ಕೂತು, ಕಾದು, ಎದ್ದು ಹೋದ. ಆಮೇಲೆ ಬಂದಿಲ್ಲ.

ಈಗ ಕ್ವಾಮೆನಾನಿಗೆ ಎದುರು ನಿಂತು ಕೂಗಿದರೂ ಕೇಳುವುದಿಲ್ಲ. ಹೆಂಗಸರು ತರಿಗೆ ಬೆರಳು ಅಗಲಿಸಿ, ನುಣ್ಣಗೆ ಬೇಕಾದರೆ ಬೆರಳು ಉಜ್ಜಿ ತೋರಿಸುತ್ತಾರೆ. ಎಕುವಾ ಸದಾ ಬಾಗಿಲಲ್ಲೇ ಇರಬೇಕು. ಅವನ ಕಿವಿ ಹಾಳು ಮಾಡಿದ ಆ ಯಂತ್ರವನ್ನು ಅವಳೀಗ ಬೈಯುವುದನ್ನೂ ಬಿಟ್ಟಿದ್ದಾಳೆ.

ಮೊನ್ನೆ ಮಧ್ಯಾಹ್ನ ಗಿರಣಿಯ ಸದ್ದು ಬೇರೆ ಥರ ಬರುತ್ತಿತ್ತು. ಕಾಳಿಲ್ಲದೆ ಬರೀ ಕಲ್ಲಿಗೆ ಕಲ್ಲು ಉಜ್ಜುವ ಸದ್ದು, ಹಲ್ಲು ಜುಮ್ಮೆನ್ನುವಂಥದ್ದು. ನಾನು ಹೊಲಿಗೆ ಬಿಟ್ಟು ಹಲಗೆ ದಾಟಿ ಹೋದೆ. ಜೋಳ ಯಾವಾಗಲೋ ಮುಗಿದಿತ್ತು. ಕ್ವಾಮೆನಾ ಯಂತ್ರದ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಬಾಗಿಲಾಚೆ ನೋಡುತ್ತಿದ್ದ. ಎಕುವಾ ಹಿತ್ತಲಿಂದ ಒದ್ದೆ ಕೈಯಲ್ಲೇ ಬಂದು ಸ್ವಿಚ್ಚು ಆರಿಸಿದಳು. ಯಂತ್ರದ ಪಟ್ಟಿ ತಿರುಗುತ್ತ ತಿರುಗುತ್ತ ನಿಂತಿತು. ಅವನು ತಿರುಗಿ ನೋಡಲಿಲ್ಲ. ಅವಳು ಅವನ ಭುಜ ತಟ್ಟಿ ಯಂತ್ರದ ಕಡೆ ಕೈ ತೋರಿಸಿದಳು. ಅವನು ನೋಡಿ, ಸರಿ ಎನ್ನುವಂತೆ ತಲೆಯಾಡಿಸಿ, ಮತ್ತೆ ಬಾಗಿಲ ಕಡೆ ತಿರುಗಿದ.